ಮಳೆ ನೆಪವಲ್ಲ

ಓಟದ ಬಗ್ಗೆ ಬರೆಯುವ ಕನ್ನಡಿಗರ ಸಂಖ್ಯೆ ಕೆಲವು ವರ್ಷಗಳಿಂದ ಹೆಚ್ಚಿದೆ. ಅದು ಸಂತೋಷದ ಸಂಗತಿಯೇ. ಆದರೆ ಜೂನ್ ತಿಂಗಳು ಕಾಲಿಟ್ಟೊಡನೆ ಈ ಬರಹಗಳಲ್ಲಿ ಒಂದೇ ಕಥೆ ಮರುಕಳಿಸತೊಡಗುತ್ತದೆ. ನಸುಕಿನ ನಾಲ್ಕೂವರೆ, ಹೊರಗೆ ಜಡಿಮಳೆ, ಊರೆಲ್ಲ ಹೊದ್ದು ಮಲಗಿದೆ. ಲೇಖಕನೊಬ್ಬನೇ ಬೂಟಿನ ದಾರ ಬಿಗಿದುಕೊಂಡು ಹೊರಡುತ್ತಾನೆ, ನರಳುತ್ತಾನೆ, ಕೊನೆಗೆ ಗೆಲ್ಲುತ್ತಾನೆ. ಗೆದ್ದ ಮೇಲೆ ತೀರ್ಪು ಕೊಡುತ್ತಾನೆ: ಹವಾಮಾನವೆಂಬುದು ದುರ್ಬಲರ ನೆಪ. ಇದಕ್ಕೆ ‘ತಪಸ್ಸು’, ‘ಸಾಧನೆ’ ಎಂಬ ಮಾತುಗಳ ಹೂವು ಮುಡಿಸುವುದೂ ಉಂಟು.

ನನ್ನ ತಕರಾರು ಆ ತೀರ್ಪಿನ ಮೇಲೆ. ಮಳೆಯಲ್ಲಿ ಓಡುವುದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಹೈದರಾಬಾದಿನಲ್ಲಿ ನೆಲೆಸಿ ಓಟವನ್ನು ಹಚ್ಚಿಕೊಂಡವರಿಗೆ ಬೇರೆ ದಾರಿಯೂ ಇಲ್ಲ. ಇಲ್ಲಿನ ಮ್ಯಾರಥಾನ್ ನಡೆಯುವುದು ಸಾಮಾನ್ಯವಾಗಿ ಆಗಸ್ಟ್ ಕೊನೆಯಲ್ಲಿ. ನೆಕ್ಲೆಸ್ ರೋಡಿನಿಂದ ಹೊರಟು, ಮೇಲ್ಸೇತುವೆಗಳನ್ನು ಹತ್ತಿ ಇಳಿದು, ಗಚ್ಚಿಬೌಲಿಯ ಕ್ರೀಡಾಂಗಣದಲ್ಲಿ ಮುಗಿಯುವ ದಾರಿ ಅದು. ಅದಕ್ಕೆ ದೇಹವನ್ನು ಅಣಿಗೊಳಿಸುವ ಕಷ್ಟದ ವಾರಗಳೆಲ್ಲ ಮುಂಗಾರಿನೊಳಗೇ ಬೀಳುತ್ತವೆ. ಸಂಗಾತಿಗಳು ಭಾನುವಾರದ ದೀರ್ಘ ಓಟಕ್ಕೆ ಸಿಗುತ್ತಾರೆ. ವಾರದ ನಡುವಿನ ವೇಗದ ಅಭ್ಯಾಸಕ್ಕೆ ಸಿಗುವುದಿಲ್ಲ. ಅದನ್ನು ಒಬ್ಬರೇ ಮಾಡಬೇಕು.

ಕಳೆದ ಜುಲೈ ತಿಂಗಳ ಒಂದು ಗುರುವಾರ ನನಗೆ ನಿಗದಿಯಾಗಿದ್ದುದು ಒಂದೊಂದು ಕಿಲೋಮೀಟರಿನ ಎಂಟು ಓಟಗಳು. ನಡುನಡುವೆ ತೊಂಬತ್ತು ಸೆಕೆಂಡುಗಳ ನಿಧಾನ ಓಟ. ಮೂರನೆಯದು ಮುಗಿಯುವಷ್ಟರಲ್ಲಿ ಹುಸೇನ್ ಸಾಗರದ ಮೇಲಿಂದ ಮಳೆ ಬಂತು. ಮೊದಲ ಹನಿಗಳು ಬಿದ್ದಾಗ ಆ ಕೆರೆಯಿಂದ ಏಳುವ ವಾಸನೆಯನ್ನು ಬಲ್ಲವರೇ ಬಲ್ಲರು. ಎರಡು ನಿಮಿಷಗಳಲ್ಲಿ ನೀರಿನ ನಡುವಿನ ಬುದ್ಧ ಕಾಣದಾದ. ಗುಡುಗಿರಲಿಲ್ಲ, ಗಾಳಿ ಹೆಚ್ಚಿರಲಿಲ್ಲ, ರಸ್ತೆಯ ಮೇಲೆ ನೀರು ಹರಿಯುತ್ತಿತ್ತೇ ಹೊರತು ನಿಂತಿರಲಿಲ್ಲ. ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿದೆ. ಉಳಿದ ಐದನ್ನು ಉಸಿರಿನ ಲೆಕ್ಕದಲ್ಲಿ ಓಡಿದೆ. ಪ್ರತಿಯೊಂದೂ ಹದಿನೈದು ಇಪ್ಪತ್ತು ಸೆಕೆಂಡು ನಿಧಾನವಾಯಿತು. ಏಳನೆಯದರಲ್ಲಿ ಒದ್ದೆ ಕಾಲುಚೀಲ ಕಲ್ಲಿನಂತೆ ಭಾರವಾಗಿ, ಬಿಟ್ಟುಬಿಡು ಎಂಬ ಮಾತು ತಲೆಯೊಳಗೆ ನಾನಾ ಸಭ್ಯ ರೂಪಗಳಲ್ಲಿ ಸುಳಿಯಿತು. ಬಿಡಲಿಲ್ಲ. ಮುಂದಿನ ವಾರ ಅದೇ ರಸ್ತೆ, ಅದೇ ಪಟ್ಟಿ. ನಾಲ್ಕನೆಯದರ ಬಳಿಕ ಸಂಜೀವಯ್ಯ ಪಾರ್ಕಿನ ದಿಕ್ಕಿನಲ್ಲಿ ಮಿಂಚಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ; ಹನ್ನೆರಡಕ್ಕೆ ಸದ್ದು ಬಂತು, ಎಂದರೆ ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ದೂರ. ಓಟ ನಿಲ್ಲಿಸಿ ನೆಕ್ಲೆಸ್ ರೋಡ್ ರೈಲು ನಿಲ್ದಾಣದೊಳಗೆ ಹೋಗಿ ನಿಂತೆ. ಎಣಿಕೆ ಮೂವತ್ತರೊಳಗೆ ಬಂದರೆ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು ಎಂಬುದು ಓಟಗಾರರೆಲ್ಲರಿಗೂ ತಿಳಿದಿರಬೇಕಾದ ಲೆಕ್ಕ.

ನಮ್ಮ ಬರಹಗಾರರ ಅಳತೆಗೋಲಿನಲ್ಲಿ ಮೊದಲ ಗುರುವಾರ ವೀರಗಾಥೆ, ಎರಡನೆಯದು ಹೇಡಿತನ. ನನ್ನ ಮಟ್ಟಿಗೆ ಎರಡೂ ಒಂದೇ ಅಭ್ಯಾಸದ ಎರಡು ದಿನಗಳು. ಮೊದಲ ದಿನ ಎದುರಿಗಿದ್ದುದು ಕಷ್ಟ, ಎರಡನೆಯ ದಿನ ಅಪಾಯ. ಈ ಎರಡು ಪದಗಳನ್ನು ಬೆರೆಸಿಬಿಟ್ಟಿರುವುದೇ ಈ ಬರಹಗಳ ಮೂಲ ದೋಷ.

ಕಷ್ಟ ಎಲ್ಲಿಂದ ಬರುತ್ತದೆ ಎಂಬುದನ್ನಾದರೂ ಇವರು ನೋಡಿದ್ದಾರೆಯೇ? ಹೈದರಾಬಾದಿನ ಜುಲೈ ಮಳೆ ತಣ್ಣಗಿನದಲ್ಲ. ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರದು. ಶಾಖ ಒಳಗೇ ಉಳಿಯುತ್ತದೆ. ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಯಬೇಕಾಗಿ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ರನ್ನನ ‘ಗದಾಯುದ್ಧ’ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿದ್ದಾಗಲೂ ಬೆವೆತುಹೋದನೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಅತಿಶಯವೆಂದು ಓದಿದೆವು. ನಮ್ಮೂರಿನ ಮುಂಗಾರಿನಲ್ಲಿ ಓಡಿದವನಿಗೆ ಅದು ವರದಿಯಂತೆ ಕೇಳಿಸೀತು! ಇಂಥ ಬೆಳಗಿನಲ್ಲಿ, ಡಿಸೆಂಬರಿನ ಒಣ ಹವೆಗೆ ಗೊತ್ತುಮಾಡಿದ ವೇಗವನ್ನೇ ಸಾಧಿಸುತ್ತೇನೆಂದು ಹಲ್ಲುಕಚ್ಚುವವನು ಅಂಕಿಗೆ ಗುಲಾಮ. ಅವನನ್ನು ಧೀರನೆನ್ನಲು ನಾನು ಒಪ್ಪೆ.

ರನ್ನನ ಮಾತು ಬಂದದ್ದರಿಂದ ಇನ್ನೊಂದು. ಆ ದುರ್ಯೋಧನ ಛಲದಂಕಮಲ್ಲ. ಭೀಮನ ಮೂದಲಿಕೆ ಕೇಳಿ ನೀರಿನೊಳಗೆ ಇರಲಾರದೆ ಎದ್ದುಬಂದ, ಎದ್ದುಬಂದದ್ದರಿಂದ ಸತ್ತ. ಕವಿ ಅವನನ್ನು ಪ್ರೀತಿಯಿಂದಲೇ ಚಿತ್ರಿಸಿದ, ಆದರೆ ಅವನ ಛಲದ ಬೆಲೆಯನ್ನು ಮುಚ್ಚಿಡಲಿಲ್ಲ. ಸಾವಿರ ವರ್ಷಗಳ ಹಿಂದಿನ ಕವಿಗಿದ್ದ ಈ ಪ್ರಾಮಾಣಿಕತೆ ಓಟದ ನಮ್ಮ ಗದ್ಯದಲ್ಲಿ ಏಕಿಲ್ಲ? ಇಲ್ಲಿ ಛಲಕ್ಕೆ ಪದಕವಷ್ಟೇ ಉಂಟು, ಬೆಲೆಯಿಲ್ಲ.

ಇದಕ್ಕೆ ಎದುರುತ್ತರವಾಗಿ ಬಾಸ್ಟನ್ನಿನ ಹೆಸರು ಬರುವುದು ಖಚಿತ. 2018ರ ಏಪ್ರಿಲ್ 16ರಂದು ಕೊರೆಯುವ ಮಳೆ ಮತ್ತು ಎದುರುಗಾಳಿಯಲ್ಲಿ ನಡೆದ ಆ ಮ್ಯಾರಥಾನಿನಲ್ಲಿ ಹೆಸರಾಂತ ಓಟಗಾರರನೇಕರು ಅರ್ಧಕ್ಕೇ ನಿಂತರು. ಗೆದ್ದವನು ಯೂಕಿ ಕವಾಉಚಿ, ಜಪಾನಿನ ಸೈತಾಮಾ ಪ್ರಾಂತ್ಯದ ಸರ್ಕಾರಿ ನೌಕರ, ತರಬೇತುದಾರನಿಲ್ಲದೆ ತನ್ನಷ್ಟಕ್ಕೆ ತಾನೇ ಓಡಿ ಬೆಳೆದವನು. ನನಗೂ ಅವನು ಪ್ರಿಯ. ಆದರೆ ಅವನು ಅದೇ ವರ್ಷದ ಜನವರಿ 1ರಂದು ಅದೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ ಒಂದು ಮ್ಯಾರಥಾನ್ ಓಡಿಯಾಗಿತ್ತು. ಚಳಿಯೊಂದಿಗಿನ ಅವನ ಪರಿಚಯ ಹಳೆಯದು. ಮಹಿಳೆಯರಲ್ಲಿ ಗೆದ್ದ ಡೆಸಿರೆ ಲಿಂಡೆನ್ ಅಂತೂ ಓಟದ ಆರಂಭದ ಹಂತದಲ್ಲೇ ತಾನು ಬಹುಶಃ ಬಿಟ್ಟುಬಿಡುವುದಾಗಿ ಜೊತೆಗಾರ್ತಿ ಶಲೇನ್ ಫ್ಲಾನಗನ್‌ಗೆ ತಿಳಿಸಿ, ನಿನಗೆ ನೆರವು ಬೇಕಾದರೆ ಹೇಳು ಎಂದಿದ್ದಳು. ಫ್ಲಾನಗನ್ ಶೌಚಕ್ಕೆ ನಿಂತಾಗ ಅವಳಿಗಾಗಿ ಕಾದಳು ಕೂಡ. ಬಿಡುವ ಆಯ್ಕೆಯನ್ನು ಕೈಯಲ್ಲೇ ಇಟ್ಟುಕೊಂಡು ಓಡಿದವಳು ಗೆದ್ದಳು. ಈ ಭಾಗ ನಮ್ಮ ಸ್ಫೂರ್ತಿ ಬರಹಗಳಲ್ಲಿ ಏಕೋ ಬಿಟ್ಟುಹೋಗುತ್ತದೆ.

ಬಿಟ್ಟುಹೋಗುವುದು ಅದೊಂದೇ ಅಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬಾಯಿನ್ ನಗರದ ಹತ್ತಿರ ನಡೆದ 100 ಕಿಲೋಮೀಟರಿನ ಬೆಟ್ಟದ ಓಟದಲ್ಲಿ ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೆ ಎರಗಿದವು. ಮೈಮೇಲೆ ತೆಳು ಅಂಗಿ ಚಡ್ಡಿಗಳಷ್ಟೇ ಇದ್ದವರು ಬಹಳ ಮಂದಿ. 21 ಓಟಗಾರರು ಸತ್ತರು. ಅವರಲ್ಲಿ ಲಿಯಾಂಗ್ ಜಿಂಗ್ ಎಂಬಾತ ಚೀನಾದ ದೂರದ ಓಟಗಾರರಲ್ಲೇ ಅಗ್ರಗಣ್ಯ. ಆರು ಮಂದಿಯನ್ನು ಒಬ್ಬ ಕುರಿಗಾಹಿ ತಾನು ಆಸರೆ ಪಡೆದಿದ್ದ ಗುಹೆಗೆ ಕರೆದೊಯ್ದು ಉಳಿಸಿದ. ಛಲದ ಕೊರತೆಯಿಂದ ಸತ್ತವರೆ ಇವರು? ಕುರಿಗಾಹಿಗೆ ಗೊತ್ತಿದ್ದುದು ಇಷ್ಟೇ: ಇಂಥ ಗಾಳಿ ಬೀಸಿದಾಗ ಗುಹೆಯೊಳಗೆ ಕೂರಬೇಕು.

ದೂರದ ಬೆಟ್ಟ ಬೇಡವೆನ್ನುವವರು ಕಾಲಡಿಯ ಊರನ್ನೇ ನೋಡಲಿ. 1908ರ ಸೆಪ್ಟೆಂಬರ್ 28ರಂದು ಮೇಲ್ಗಡೆಯ ಕೆರೆಗಳು ಒಡೆದು ಮೂಸಿ ನದಿ ಈ ನಗರದ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವನ್ನೇರಿ ಬದುಕಿದವರು ಸುಮಾರು ನೂರೈವತ್ತು ಮಂದಿ ಎನ್ನುತ್ತಾರೆ. ಮರುವರ್ಷ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯಲು ನದಿಯ ಮೇಲ್ಭಾಗದಲ್ಲಿ ಜಲಾಶಯಗಳಾಗಬೇಕೆಂದು ಅವರು ಕೊಟ್ಟ ಸಲಹೆಯ ಫಲವೇ 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ. ಅವರ ಹೆಸರು ಹೇಳಿ ಹೆಮ್ಮೆಪಡುವ ಹೊರನಾಡ ಕನ್ನಡಿಗರಾದ ನಾವು ಒಂದನ್ನು ಗಮನಿಸಬೇಕು. ಅವರು ಮಳೆಗೆ ಸವಾಲೆಸೆಯಲಿಲ್ಲ, ಅದನ್ನು ಅಳೆದರು. ಎಷ್ಟು ಸುರಿದರೆ ಎಷ್ಟು ನೀರು ಎಲ್ಲಿ ಹರಿಯುತ್ತದೆ ಎಂದು ಲೆಕ್ಕ ಹಾಕಿದರು. ಆ ಲೆಕ್ಕವನ್ನು ನಂತರದ ನಗರ ಮರೆತು ಕೆರೆಗಳ ಮೇಲೆ ಮನೆ ಕಟ್ಟಿತು. 2020ರ ಅಕ್ಟೋಬರ್ 13ರ ರಾತ್ರಿ ಮತ್ತೆ ಬಡಾವಣೆಗಳು ಮುಳುಗಿದವು, ಹತ್ತಾರು ಜೀವಗಳು ಹೋದವು. 2023ರ ಏಪ್ರಿಲ್ 29ರ ಬೆಳಿಗ್ಗೆ ಸಿಕಂದರಾಬಾದಿನಲ್ಲಿ ಮಳೆಯ ನಡುವೆ ಹಾಲು ತರಲು ಹೊರಟ ಬಾಲಕಿಯೊಬ್ಬಳು ತೆರೆದ ಚರಂಡಿಗೆ ಬಿದ್ದು ತೀರಿಕೊಂಡಳು. ನೀರು ನಿಂತ ರಸ್ತೆಯಲ್ಲಿ ಎಲ್ಲಿ ಮುಚ್ಚಳವಿಲ್ಲ, ಯಾವ ಕಂಬದ ತಂತಿ ನೀರಿಗಿಳಿದಿದೆ ಎಂದು ಯಾರೂ ಹೇಳಲಾರರು. ಅಲ್ಲಿ ಓಡಬಾರದೆನ್ನುವುದು ನೆಪವೇ?

ಇನ್ನು ಈ ಕಥೆಗಳ ‘ಏಕಾಂತ’. ನಮ್ಮ ಬಳಗದ ಹಿರಿಯ ಓಟಗಾರ್ತಿಯೊಬ್ಬರು ಕೆ.ಬಿ.ಆರ್. ಪಾರ್ಕಿನ ಸುತ್ತ ನಿತ್ಯ ಓಡುವವರು. ಮಳೆ ಬಂದ ದಿನ ಬರುವುದಿಲ್ಲ. ಕೇಳಿದ್ದಕ್ಕೆ ಅವರೆಂದರು: “ಮಳೆ ಬಂದರೆ ರಸ್ತೆ ಖಾಲಿಯಾಗ್ತದೆ. ಖಾಲಿ ರಸ್ತೆ ನಿಮಗೆ ಏಕಾಂತ. ನನಗೆ ಅದು ಖಾಲಿ ರಸ್ತೆ ಅಷ್ಟೇ.” ಹವಾಮಾನ ನೆಪವೆಂದು ಬರೆಯುವ ಗಂಡಸರು ಈ ಮಾತಿಗೆ ಉತ್ತರಿಸಿದ್ದನ್ನು ನಾನು ಕಂಡಿಲ್ಲ. ಊರೆಲ್ಲ ಮಲಗಿದೆ ಎನ್ನುವುದೂ ಸುಳ್ಳು. ನಾನು ಆ ಎಂಟು ಕಿಲೋಮೀಟರ್ ಮುಗಿಸಿ ಬಗ್ಗಿ ನಿಂತಿದ್ದಾಗ, ಪ್ಲಾಸ್ಟಿಕ್ ಹಾಳೆ ಹೊದ್ದು ರಸ್ತೆಯ ಕಸ ಎಳೆಯುತ್ತಿದ್ದ ಹೆಂಗಸು “ಡಬ್ಬುಲಿಸ್ತಾರಾ ಸಾರ್?” ಎಂದು ಕೇಳಿದಳು. ದುಡ್ಡು ಕೊಡುತ್ತಾರೆಯೇ ಎಂದು. ಇಲ್ಲವೆಂದೆ. ಆಕೆಗೆ ನಗು ಬಂತು. ಅವಳು ನಾಲ್ಕರಿಂದ ಅದೇ ಮಳೆಯಲ್ಲಿದ್ದಳು, ಬಿಡುವ ಆಯ್ಕೆಯಿಲ್ಲದೆ. ಅವಳ ಪಕ್ಕದಲ್ಲಿ ನಿಂತು ನನ್ನದನ್ನು ತಪಸ್ಸೆಂದು ಕರೆದುಕೊಳ್ಳಲು ನನಗಂತೂ ನಾಲಗೆ ಏಳದು.

ಮಳೆಯಲ್ಲಿ ನೆನೆದರೆ ಶೀತವಾಗುತ್ತದೆ, ಮನೆಯಲ್ಲಿರು ಎನ್ನುವ ಅತ್ತೆ ಮಾವಂದಿರ ಪಕ್ಷವನ್ನು ನಾನು ಸೇರಿದೆನೆಂದು ಯಾರೂ ತಿಳಿಯಬೇಕಾಗಿಲ್ಲ. ಆ ಪಕ್ಷಕ್ಕೂ ಈ ವೀರರಿಗೂ ಒಂದು ಸಾಮ್ಯವಿದೆ: ಇಬ್ಬರೂ ಕಿಟಕಿಯಾಚೆ ನೋಡುವುದಿಲ್ಲ. ಒಬ್ಬರು ಮಳೆಯೆಂದೊಡನೆ ಬೇಡ ಎನ್ನುತ್ತಾರೆ, ಇನ್ನೊಬ್ಬರು ಮಳೆಯೆಂದೊಡನೆ ಹೊರಡು ಎನ್ನುತ್ತಾರೆ. ಎಂಥ ಮಳೆ, ಗುಡುಗಿದೆಯೇ, ನೀರು ಹರಿಯುತ್ತಿದೆಯೇ ನಿಂತಿದೆಯೇ, ಹೋಗುವ ದಾರಿಯಲ್ಲಿ ಆಸರೆ ಎಲ್ಲಿದೆ, ಎಲ್ಲಿಗೆ ಹೊರಟೆನೆಂದು ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಪ್ರತಿದಿನ ಬೇರೆ. ಒಂಟಿಯಾಗಿ ಓಡುವವನಿಗೆ ಅವನ್ನು ಕೇಳಿಕೊಳ್ಳುವ ಹೊಣೆ ಇನ್ನೂ ಹೆಚ್ಚು. ಅವನು ಬಿದ್ದರೆ ಎತ್ತುವವರಿಲ್ಲ.

ನಮ್ಮ ಬಳಗದವರು ಆಗಸ್ಟಿನ ಓಟಕ್ಕೆಂದು ಗೋಡೆಯ ಮೇಲೆ ಅಂಟಿಸಿಕೊಂಡಿರುವ ಪಟ್ಟಿಯಲ್ಲಿ ಓಡಿದ ಕಿಲೋಮೀಟರುಗಳಿಗಷ್ಟೇ ಜಾಗವಿದೆ. ಅದರ ಪಕ್ಕದಲ್ಲಿ ಬಿಟ್ಟ ಓಟಗಳಿಗೂ ಒಂದು ಸಾಲು ಎಳೆಯೋಣ; ದಿನಾಂಕ, ಎಷ್ಟನೆಯದಕ್ಕೆ ನಿಲ್ಲಿಸಿದ್ದು, ಏಕೆ. ಮೊದಲ ನಮೂದು ನನ್ನದೇ ಇರಲಿ: ನಾಲ್ಕು ಮುಗಿದವು, ನಾಲ್ಕು ಉಳಿದವು, ಗುಡುಗು ಹನ್ನೆರಡು ಎಣಿಕೆಯ ದೂರದಲ್ಲಿತ್ತು.