ಉಪದೇಶಿಯ ಮಗನಾಗಿ ಹೇಳುವ ಮಾತು

ಅಮೆರಿಕದ ಮಿಸ್ಸೂರಿ ಸಂಸ್ಥಾನದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, "ಮಾವ, ಇಲ್ಲಿ ನಮ್ಮ ಸಭೆಯಲ್ಲಿ ಎರಡು ಪಕ್ಷಗಳಾಗಿವೆ. ಅಜ್ಜ ಉಪದೇಶಿಯಾಗಿದ್ದವರಲ್ಲವೇ, ನೀವೇ ಹೇಳಿ, ಯಾರದು ಸರಿ?" ಎಂದು ಕೇಳಿದ. ಅವನ ಹೆಂಡತಿಯ ಮನೆಯವರು ಲೂಥರನ್ನರು, ಮಿಸ್ಸೂರಿ ಸಿನಡ್‌ಗೆ ಸೇರಿದವರು. ಕೂಡಲೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. ಆ ಬರಹವೇ ಇದು.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವಾದ್ದರಿಂದ ಸ್ವಲ್ಪ ಹಿನ್ನೆಲೆ ಹೇಳಬೇಕು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನೂ ದೇವರ ಮುಂದೆ ಯಾಜಕನೇ ಎಂದು 1520ರಲ್ಲಿ ಬರೆದವರು ಮಾರ್ಟಿನ್ ಲೂಥರ್. ಆದರೆ ಅವರ ಅನುಯಾಯಿಗಳು 1530ರಲ್ಲಿ ಒಪ್ಪಿಸಿದ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ ಹದಿನಾಲ್ಕನೆಯ ಕಲಮು, ಕ್ರಮಬದ್ಧವಾಗಿ ಕರೆ ಹೊಂದದವನು ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ಸಂಸ್ಕಾರಗಳನ್ನು ನಡೆಸಬಾರದು ಎನ್ನುತ್ತದೆ. ಲೂಥರನ್ನರ ಜಗಳವೆಲ್ಲ ಈ ಎರಡು ಮಾತುಗಳ ನಡುವಿನ ಇಕ್ಕಟ್ಟಿನಲ್ಲಿ ಹುಟ್ಟಿದ್ದು. ಮಿಸ್ಸೂರಿ ಸಿನಡ್ಡಿನ ಹುಟ್ಟೇ ಹಾಗೆ. ಸ್ಯಾಕ್ಸನಿಯಿಂದ ವಲಸೆ ಬಂದ ಅದರ ಮೂಲಪುರುಷರು 1839ರಲ್ಲಿ ತಮ್ಮ ಬಿಷಪರನ್ನೇ ಹೊರಗಟ್ಟಬೇಕಾಯಿತು. ಬಿಷಪರಿಲ್ಲದ ನಾವು ಇನ್ನೂ ಸಭೆಯೇ ಎಂಬ ಸಂಶಯ ಅವರನ್ನು ಕಾಡಿತು. 1841ರ ಆಲ್ಟೆನ್‌ಬರ್ಗ್ ಚರ್ಚೆಯಲ್ಲಿ ವಾಲ್ಥರ್ ಎಂಬವರು, ಹೌದು, ನೀವು ಸಭೆಯೇ, ಸಭಾಪಾಲಕನನ್ನು ಕರೆಯುವ ಅಧಿಕಾರವೂ ನಿಮಗಿದೆ ಎಂದು ಸ್ಥಾಪಿಸಿದ ಮೇಲೆ ಜನ ಸಮಾಧಾನ ಹೊಂದಿದರು.

ಈಗಿನ ಕಥೆಗೆ ಬರೋಣ. ಸಭಾಪಾಲಕರು ಸಿಗದ ಸಣ್ಣ ಸಭೆಗಳಲ್ಲಿ, ವಿಶೇಷ ಸಂದರ್ಭಗಳಲ್ಲಿ, ಗುರುದೀಕ್ಷೆಯಿಲ್ಲದ ಸೇವಕರು ಪ್ರಸಂಗ ಮಾಡಬಹುದು, ಕರ್ತನ ಭೋಜನವನ್ನೂ ನಡೆಸಬಹುದು ಎಂದು 1989ರ ವಿಚಿಟಾ ಅಧಿವೇಶನ ಅನುಮತಿ ನೀಡಿತು. ಇದು ಹದಿನಾಲ್ಕನೆಯ ಕಲಮಿಗೆ ಬಗೆದ ದ್ರೋಹವೆಂದು ಹಲವರು ದಶಕಗಳ ಕಾಲ ವಾದಿಸಿದರು. 2007ರಲ್ಲಿ, ತನ್ನ ಊರಿನ ಸೇವೆ ಬಿಡದೆಯೇ ಓದಿ ಗುರುದೀಕ್ಷೆ ಪಡೆಯುವ ಒಂದು ವ್ಯವಸ್ಥೆ ಬಂತು. 2016ರ ಮಿಲ್ವಾಕಿ ಅಧಿವೇಶನವು, ಹೀಗೆ ವಾಡಿಕೆಯಾಗಿ ಸೇವೆ ನಡೆಸುತ್ತಿದ್ದವರು ಪರೀಕ್ಷೆಗೆ ಒಳಗಾಗಿ ಗುರುದೀಕ್ಷೆ ಪಡೆಯಬೇಕೆಂದು ತೀರ್ಮಾನಿಸಿತು. ನನ್ನ ಸೋದರಳಿಯನ ಸಭೆಯಲ್ಲಿ ಅಂಥ ಸೇವಕರೊಬ್ಬರಿದ್ದರಂತೆ, ವೃತ್ತಿಯಿಂದ ರೈತರು. ಈ ವಯಸ್ಸಿನಲ್ಲಿ ಪರೀಕ್ಷೆ ಬೇಡವೆಂದು ಅವರು ಹಿಂದೆ ಸರಿದರು. ಅವರ ಮನಸ್ಸು ನೋಯಿಸಿದಿರೆಂದು ಒಂದು ಪಕ್ಷ, ನಿಯಮ ನಿಯಮವೇ ಎಂದು ಇನ್ನೊಂದು ಪಕ್ಷ. ಆ ಗಾಯ ಇನ್ನೂ ಮಾಯ್ದಿಲ್ಲ.

ನನ್ನ ತಂದೆಯವರ ವಿಷಯ ಈಗ ಹೇಳುತ್ತೇನೆ. ನಮ್ಮದು ಕರಾವಳಿಯ ಹೊಳೆಬದಿಯ ಊರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡೂ ಬೆರೆತಿದ್ದವು. ನಾವು ಅವರ ಮೂಲಕ ವಿಶ್ವಾಸಕ್ಕೆ ಬಂದವರ ಮಕ್ಕಳು. 1950ರ ದಶಕದಲ್ಲಿ ತಂದೆಯವರು ಅಲ್ಲಿ ಹತ್ತೊಂಬತ್ತು ಕುಟುಂಬಗಳ ಉಪದೇಶಿ. ಪ್ರಸಂಗ, ಪ್ರಾರ್ಥನೆ, ಮಕ್ಕಳಿಗೆ ಪಾಠ, ಜಗಳ ಬಿಡಿಸುವುದು, ಹೆಣದ ಮುಂದೆ ನಡೆಯುವುದು ಎಲ್ಲವೂ ಅವರದೇ. ಭೋಜನ ಸಂಸ್ಕಾರಕ್ಕೆ ಮಾತ್ರ ದೂರದ ಪೇಟೆಯಿಂದ ಅಯ್ಯನವರು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ಆಷಾಢದಲ್ಲಿ ಹೊಳೆ ತುಂಬಿ ದೋಣಿ ನಿಂತುಹೋಗಿತ್ತು. ನೆರೆಮನೆಯ ಮುದುಕಿ ಸಾಯುವ ಸ್ಥಿತಿಯಲ್ಲಿದ್ದರು. "ಉಪದೇಶಿಗಳೇ, ಒಂದು ತುಂಡು ರೊಟ್ಟಿ ಕೊಡಿರಪ್ಪಾ" ಎಂದು ಅವರು ಕೈ ಚಾಚಿದ್ದನ್ನು ಬಾಗಿಲಲ್ಲಿ ನಿಂತು ಕಂಡವನು ನಾನು. ತಂದೆಯವರು ಪ್ರಾರ್ಥಿಸಿದರು, ಕೀರ್ತನೆ ಓದಿದರು, ರೊಟ್ಟಿ ಕೊಡಲಿಲ್ಲ. ನನಗೆ ಆ ಅಧಿಕಾರವಿಲ್ಲ ಎಂದರು. ಮೂರನೆಯ ದಿನ ಅವರು ತೀರಿಕೊಂಡರು. ತಂದೆಯವರು ಆ ಬಳಿಕ ಮೂವತ್ತು ವರ್ಷ ಬದುಕಿದರು. ಆ ರೊಟ್ಟಿಯ ಮಾತು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ತಂದೆಯವರು ನಿಯಮ ಮುರಿಯಬೇಕಿತ್ತು ಎಂದು ನಾನು ಯೌವನದಲ್ಲಿ ವಾದಿಸಿದ್ದುಂಟು. ಈಗ ಹಾಗೆ ಹೇಳಲಾರೆ. ಅವರಿಗೆ ದೀಕ್ಷೆ ಕೊಡಬೇಕಿತ್ತು ಎನ್ನುತ್ತೇನೆ. ಕೆಲಸವೆಲ್ಲ ಅಯ್ಯನವರದು, ಸಂಬಳ ಮಾತ್ರ ಉಪದೇಶಿಯದು, ಅಧಿಕಾರವಂತೂ ಯಾರದೂ ಅಲ್ಲ. ಇದು ಮೇಲಿನವರಿಗೆ ಅಗ್ಗವಾಗಿತ್ತು, ಅಷ್ಟೇ. ಆದ್ದರಿಂದ ಮಿಲ್ವಾಕಿಯ ತೀರ್ಮಾನ ತತ್ತ್ವದಲ್ಲಿ ನನಗೆ ಒಪ್ಪಿಗೆ. ಒಬ್ಬನಿಂದ ಸಭಾಪಾಲಕನ ಕೆಲಸ ಮಾಡಿಸುವುದಾದರೆ ಅವನನ್ನು ಸಭಾಪಾಲಕನನ್ನಾಗಿ ಮಾಡಿ. ಆದರೆ ತಾವೇ ವರ್ಷಗಟ್ಟಲೆ ದುಡಿಸಿಕೊಂಡ ಮುದುಕನನ್ನು ಪರೀಕ್ಷೆಗೆ ಕರೆಯುವವರು ಅವನ ಮನೆಯ ಜಗಲಿಗೆ ತಾವಾಗಿ ಹೋಗಬೇಕಿತ್ತು.

ಕರೆ ಕೊಡುವವರು ಯಾರು ಎಂಬುದೂ ಸಣ್ಣ ಪ್ರಶ್ನೆಯಲ್ಲ. ತರಂಗಂಬಾಡಿಯ ಲೂಥರನ್ ಮಿಶನ್ನಿನಲ್ಲಿ 1733ರಲ್ಲಿ ಆರೋನ್ ಎಂಬ ಭಾರತೀಯರಿಗೆ ಗುರುದೀಕ್ಷೆಯಾಯಿತು. 1741ರಲ್ಲಿ ಎರಡನೆಯವರನ್ನು ಆರಿಸುವಾಗ, ಬಹಳ ದುಡಿದಿದ್ದ ದಲಿತ ಉಪದೇಶಿ ರಾಜನಾಯಕನ್ ಅವರನ್ನು ಮೇಲ್ಜಾತಿಯ ಸದಸ್ಯರ ಅಸಮಾಧಾನಕ್ಕೆ ಹೆದರಿ ಬದಿಗಿಟ್ಟರು. ಕ್ರಮವೇನೋ ಕ್ರಮಬದ್ಧವಾಗಿಯೇ ನಡೆಯಿತು!

ಸೋದರಳಿಯನ ಸಭೆಯ ಎರಡನೆಯ ಜಗಳ ಬೆಳವಣಿಗೆಯದು. ಸಂಗೀತ ಪುಸ್ತಕ ತೆಗೆದು ಪರದೆ ಹಾಕಬೇಕು, ವಾದ್ಯಮೇಳ ಬೇಕು, ಆಗ ಯುವಕರು ಬರುತ್ತಾರೆ ಎಂದು ಕೆಲವರ ಹಟ. ಈ ವಿಚಾರಧಾರೆಯ ಬೇರು ನಮ್ಮ ದೇಶದಲ್ಲೇ ಇದೆ ಎಂದರೆ ಅವನಿಗೆ ಆಶ್ಚರ್ಯ. ಡೊನಾಲ್ಡ್ ಮೆಕ್‌ಗಾವ್ರನ್ 1897ರಲ್ಲಿ ದಮೋಹದಲ್ಲಿ ಹುಟ್ಟಿದವರು, ಲೂಥರನ್ನರಲ್ಲ. ಛತ್ತೀಸ್‌ಗಢದ ಸತ್ನಾಮಿಗಳ ನಡುವೆ ದುಡಿದರು. ಕೆಲವು ಕಡೆ ಸಭೆ ಬೆಳೆಯುತ್ತದೆ, ಕೆಲವು ಕಡೆ ಇಲ್ಲ, ಏಕೆ ಎಂದು ಲೆಕ್ಕ ಹಾಕಿ 1955ರಲ್ಲಿ ಪುಸ್ತಕ ಬರೆದರು, 1965ರಿಂದ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಕಲಿಸಿದರು. ಜನರು ತಮ್ಮ ಕುಲ, ಭಾಷೆ, ವರ್ಗದ ಗಡಿ ದಾಟದೆ ಕ್ರೈಸ್ತರಾಗಲು ಬಯಸುತ್ತಾರೆ ಎಂಬುದು ಅವರ ಮುಖ್ಯ ಸೂತ್ರ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದನ್ನೇ ವಿಧಾನವಾಗಿ ಮಾಡಿಕೊಂಡರೆ ಜಾತಿಗೊಂದು ಸಭೆಯಾಗುತ್ತದೆ. ರಾಜನಾಯಕನ್ ಅವರನ್ನು ಬದಿಗಿಟ್ಟವರಿಗೂ ಈ ಸೂತ್ರ ಚೆನ್ನಾಗಿ ಒಗ್ಗುತ್ತಿತ್ತು.

ಸಾರ ಲೂಥರನ್ನರದಾಗಿರಲಿ, ಶೈಲಿ ಬೇರೆಯವರಿಂದ ತರಬಹುದು ಎಂದು ಡೇವಿಡ್ ಲ್ಯೂಕಿ 1988ರಲ್ಲಿ ವಾದಿಸಿದಾಗ, ಶೈಲಿಯನ್ನು ಸಾರದಿಂದ ಬೇರ್ಪಡಿಸಲಾಗದು ಎಂದು ವಿರೋಧಿಗಳು ಕೂಗಿದರು. ಪರದೆಗಾಗಲಿ ಡ್ರಮ್ಮಿಗಾಗಲಿ ನನ್ನ ಆಕ್ಷೇಪವಿಲ್ಲ. ಹಾರ್ಮೋನಿಯಂ ಬಂದಾಗಲೂ ನಮ್ಮ ಅಜ್ಜಂದಿರು ಮುಖ ಸಿಂಡರಿಸಿದವರೇ. ನನ್ನ ಆಕ್ಷೇಪ ತಲೆ ಎಣಿಸುವ ಚಟಕ್ಕೆ. ಶಾಲಾ ತಪಾಸಣೆಗೆ ಬಂದವರು ಹಾಜರಿ ಪುಸ್ತಕ ನೋಡಿ ಹೋಗುತ್ತಿದ್ದುದನ್ನು ನೀವೆಲ್ಲ ಕಂಡಿದ್ದೀರಿ; ಹಿಂದಿನ ಬೆಂಚಿನ ಹುಡುಗನಿಗೆ ಓದಲು ಬರುತ್ತದೆಯೇ ಎಂದು ಎಷ್ಟು ಮಂದಿ ಕೇಳಿದರು? ತಂದೆಯವರು ಬಂದಾಗ ಹತ್ತೊಂಬತ್ತು ಕುಟುಂಬ, ಬಿಟ್ಟಾಗಲೂ ಹತ್ತೊಂಬತ್ತೇ.

ಅವನಿಗೆ ನಾನು ಹೇಳಿದ್ದಿಷ್ಟು: ಪರದೆಯ ಜಗಳ ಮುಂದಿನ ವರ್ಷಕ್ಕಿಡಿ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಆ ರೈತರ ಮನೆಗೆ ಹೋಗು, ನಿಮ್ಮ ಸಭಾಪಾಲಕರನ್ನೂ ಕರೆದುಕೊಂಡು ಹೋಗು. ಹೋಗಿ ಬಂದು ಫೋನು ಮಾಡು.