ಹನುಮನಹಳ್ಳಿ ಗವಿಗೆ ಹೊಗೆ ಹಾಕ್ಬೇಕಂತೆ!

ನಿನ್ನೆ ಟೊಮೆಟೊ ಮಂಡೀಲಿ ಒಬ್ರು, "ಬಾವಲಿ ಮಾವು ಹಾಳು ಮಾಡ್ತವೆ, ಆ ಗವಿಗೆ ಹೊಗೆ ಹಾಕ್ಬೇಕು" ಅಂದ್ರು. ಮಾವು ತಿನ್ನೋದು ಮರದಲ್ಲಿ ಜೋತುಬೀಳೋ ದೊಡ್ಡ ಬಾವಲಿ ಸ್ವಾಮಿ! ಹನುಮನಹಳ್ಳಿ ಗವೀಲಿರೋ ಎಲೆಮೂಗಿನ ಸಣ್ಣ ಬಾವಲಿ ತಿನ್ನೋದು ಹುಳಾನ. ಇದೇ ಬೇರೆ ಜಾತಿ ಅಂತ 1994ರಲ್ಲಿ ಹೆಸರಿಟ್ರು. ಪ್ರಪಂಚದಲ್ಲಿ ನಮ್ಮ ಕೋಲಾರ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಉಳಿದಿರೋದು 200ರ ಒಳಗೆ ಅಂತ ಲೆಕ್ಕ. ತೇರಹಳ್ಳೀಲೂ ಇತ್ತು, ಅಲ್ಲಿ ಹೋಯ್ತು.

ಗ್ರಾನೈಟ್‌ಗೆ ಬಂಡೆ ಸಿಡಿಸಿದ್ರೆ ಗವಿ ಉಳೀತದಾ? ಕಲ್ಲು ಲಾರಿ ಹತ್ತಿ ಹೋಗ್ತದೆ, ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಧೂಳು ಕೂರ್ತದೆ. ಟ್ರ್ಯಾಕ್ಟರಿಗೆ ಬಾಡಿಗೆ ಸಿಗ್ತದೆ ಅಂತ ಹಿಂದೆ ನಾನೂ ಕ್ವಾರಿ ಪರ ಮಾತಾಡಿದ್ದೆ, ಒಪ್ಕೋತೀನಿ. ಈಗ ಮಾತಾಡಲ್ಲ. ಹುಳದ ಔಷಧಿಗೆ ಅಂಗಡೀಲಿ ಸಾಲ ಬರೆಸೋ ನಾವೇ, ಹುಳ ತಿನ್ನೋದಕ್ಕೆ ಹೊಗೆ ಹಾಕೋದಾ? ಹಾಕೋರು ಮೊದ್ಲು ನಮ್ಮ ತೋಟದ ಹತ್ರ ಬಂದು ಮಾತಾಡ್ಲಿ.