ರೋಗದ ಪಟ್ಟಿ ಆ್ಯಪ್ ಜೊತೆಗೇ ಬರಲಿ

ಕೆಂಗೇರಿ ದಾಟಿ ನಮ್ಮ ತೋಟದ ತಗ್ಗಿಗೆ ಇಳಿದ್ರೆ ಸಿಗ್ನಲ್ ಇರಲ್ಲ. ರೋಗದ ಎಲೆ ಕೈಯಲ್ಲಿ, ಆ್ಯಪ್ ಮಾತ್ರ ತಿರುಗ್ತಾನೇ ಇರುತ್ತೆ.

ಕೃಷಿ ಆ್ಯಪ್ ಮಾಡುವವರು ರೋಗ, ಕೀಟದ ಡೇಟಾಬೇಸನ್ನ ಆ್ಯಪ್ ಒಳಗೇ ತುಂಬಿ ಕೊಡಬೇಕು. ಆಂಡ್ರಾಯ್ಡ್ ಫೋನಲ್ಲಿ ಎಸ್‌ಕ್ಯೂಲೈಟ್ ಮೊದಲಿಂದಲೇ ಇದೆ. ವಿ. ಕೃಷ್ಣ ಅವರ 'ಅಲರ್' ನಿಘಂಟಿನಂಥ ಒಂದೂವರೆ ಲಕ್ಷ ಪದಗಳ ಪಟ್ಟಿಯೂ ಅದಕ್ಕೆ ಭಾರವಲ್ಲ. ಯಶವಂತಪುರ ಎಪಿಎಂಸಿ ರೇಟು ದಿನಾ ಬದಲಾಗುತ್ತೆ, ಅದಕ್ಕೆ ನೆಟ್ ಬೇಕು. ಬೂದಿರೋಗದ ಲಕ್ಷಣ ಹಾಗಲ್ಲ. ಔಷಧಿ ಪ್ರಮಾಣ ಬದಲಾಗಬಹುದು. ಯಾವ ತಾರೀಖಿನ ಮಾಹಿತಿ ಅಂತ ಅಲ್ಲೇ ಬರೆದಿರಲಿ.

ಇನ್ನೊಂದು: ನಾವು ಬರೆದಿಟ್ಟ ಬಿತ್ತನೆ, ಖರ್ಚಿನ ಲೆಕ್ಕ ಬೇರೆ ಫೈಲಲ್ಲಿರಲಿ. ಒಂದೇ ಫೈಲಲ್ಲಿದ್ರೆ ಹೊಸ ಪಟ್ಟಿ ಹಾಕುವಾಗ ವರ್ಷದ ಲೆಕ್ಕವೂ ಅಳಿಸಿ ಹೋದೀತು.

ನಿಮ್ಮ ಆ್ಯಪನ್ನ ನೆಟ್ ಆಫ್ ಮಾಡಿ ತೆರೆದು ನೋಡಿ. ಏನು ಕಾಣುತ್ತೆ, ಬರೀರಿ.